ಗಾಜಿನ ಮೇಲೆ ಬರೆದ ವರ್ಷ

ಆ ಕಾರಿನ ಮುಂದಿನ ಗಾಜಿನ ಮೇಲೆ ‘2019’ ಎಂದು ಬರೆದವಳು ನಾನೇ. ಬಿಳಿ ಪೋಸ್ಟರ್ ಬಣ್ಣವನ್ನು ಚಹಾದ ಗ್ಲಾಸಿನಲ್ಲಿ ಚೂರೇ ಚೂರು ನೀರು ಹಾಕಿ ಕಲಸಿಕೊಂಡು, ಅರ್ಧ ಇಂಚಿನ ಬ್ರಶ್ಶಿನಿಂದ, ರಸ್ತೆಯಲ್ಲಿ ಹೋಗುವವರಿಗೆ ಕಾಣುವ ಹಾಗೆ ಬರೆದಿದ್ದೆ. ಒಂಬತ್ತರ ಬಾಲವನ್ನು ನಾನು ಸ್ವಲ್ಪ ಉದ್ದ ಎಳೆಯುತ್ತಿದ್ದೆ. ನೋಡಿದವರು ಚೆಂದ ಎನ್ನುತ್ತಿದ್ದರು.

ಯಾರ್ಡ್ ಇದ್ದದ್ದು ಕಲ್ಯಾಣ–ಶೀಳ್ ರಸ್ತೆಯ ಮೇಲೆ, ಡೊಂಬಿವಲಿಯ ನಮ್ಮ ಮನೆಯಿಂದ ಶೇರ್ ರಿಕ್ಷಾದಲ್ಲಿ ಹದಿನೈದು ನಿಮಿಷ. ತಗಡಿನ ಮಾಡಿನ ಕೆಳಗೆ ಹದಿನಾಲ್ಕು ಸೆಕೆಂಡ್ ಹ್ಯಾಂಡ್ ಕಾರುಗಳು. ಮೂಲೆಯಲ್ಲಿ ಗಾಜು ಹಾಕಿದ ಪುಟ್ಟ ಆಫೀಸು. ಅದರೊಳಗೆ ನನ್ನ ಮೇಜು, ಒಂದು ಮುದಿ ಜೆರಾಕ್ಸ್ ಮಶೀನು, ಮೂರನೇ ನಂಬರಿಗೆ ಇಟ್ಟರೆ ಕಾಗದ ಹಾರಿಸುವ, ಎರಡಕ್ಕೆ ಇಟ್ಟರೆ ಬೆವರು ಆರಿಸದ ಫ್ಯಾನು. ಈಗ ಆ ಜಾಗ ಇಲ್ಲ. ರಸ್ತೆ ಅಗಲವಾಗುವಾಗ ಮಾಡೂ ಹೋಯಿತು, ಗೋಡೆಯೂ ಹೋಯಿತು. ಬಸ್ಸಿನಲ್ಲಿ ಆ ಕಡೆ ಹೋದಾಗ ನಾನು ಮಾತ್ರ ಕುತ್ತಿಗೆ ತಿರುಗಿಸಿ ನೋಡುತ್ತೇನೆ. ಅಲ್ಲಿ ಕಳೆದ ವರ್ಷಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು ಒಂದು ಜೂನ್ ತಿಂಗಳ ಮೊದಲ ಮೂರು ವಾರ. ದಿನವೂ ಸಂಜೆ ನಾಲ್ಕು ಸಾಲು ಬರೆದಿಡುವ ಅಭ್ಯಾಸ ಇರುವುದರಿಂದ ಯಾವ ದಿನ ಏನಾಯಿತು ಎಂಬುದೂ ಇದೆ, ಯಾವ ದಿನ ಡಬ್ಬಿಯಲ್ಲಿ ಮೆಂತ್ಯದ ಪಲ್ಯ ಒಯ್ದಿದ್ದೆ ಎಂಬುದೂ ಇದೆ.

ನನ್ನ ಕೆಲಸ ಎರಡು. ಪ್ರತಿ ಕಾರಿನ ಕಾಗದಗಳನ್ನು ಒಂದೊಂದು ಫೈಲಿನಲ್ಲಿ ಹೊಂದಿಸಿಡುವುದು: ಆರ್‌ಸಿ ಕಾರ್ಡಿನ ಜೆರಾಕ್ಸ್, ವಿಮೆ, ಮಾರಿದವರ ಸಹಿ ಇರುವ ಫಾರ್ಮುಗಳು, ಸಾಲ ಇದ್ದಿದ್ದರೆ ತೀರಿತೆಂಬ ಬ್ಯಾಂಕಿನ ಪತ್ರ. ಅಕ್ಷರ ದುಂಡಗಿದ್ದ ಕಾರಣಕ್ಕೆ ಗಾಜಿನ ಮೇಲೆ ಬರೆಯುವುದು ಎರಡನೆಯ ಕೆಲಸ. ಕಾಗದವೆಲ್ಲ ನನ್ನ ಕೈಯಲ್ಲೇ ಇದ್ದರೂ ವರ್ಷವನ್ನು ಮಾತ್ರ ಕಾಗದ ನೋಡಿ ಬರೆಯುತ್ತಿರಲಿಲ್ಲ. ನಂಬರ್ ಪ್ಲೇಟ್ ನೋಡಿ ಬರೆಯುತ್ತಿದ್ದೆವು. ಎಂಎಚ್ ಸೊನ್ನೆ ಐದು ಎಂದರೆ ಕಲ್ಯಾಣ, ಸೊನ್ನೆ ನಾಲ್ಕು ಠಾಣೆ, ನಲವತ್ಮೂರು ವಾಶಿ, ನಲವತ್ತಾರು ಪನವೇಲ್. ಅದರ ಮುಂದಿನ ಎರಡು ಅಕ್ಷರಗಳು ಕಾಲ ಸರಿದ ಹಾಗೆ ಬದಲಾಗುತ್ತಾ ಹೋಗುತ್ತವೆ. ಯಾವ ಅಕ್ಷರ ಯಾವ ಸಾಲಿನದು ಎಂಬುದು ಈ ಧಂದೆಯವರಿಗೆಲ್ಲ ಬಾಯಿಪಾಠ. ನಾನೂ ಮೂರು ತಿಂಗಳಲ್ಲಿ ಕಲಿತೆ. ಸಂಜೆ ರಿಕ್ಷಾದಲ್ಲಿ ಹೋಗುವಾಗ ಎದುರು ಬರುವ ಕಾರುಗಳ ವರ್ಷವನ್ನು ಒಂದೊಂದಾಗಿ ಹೇಳುತ್ತಿದ್ದೆ. ಪಕ್ಕದಲ್ಲಿ ಕೂತ ಮಗಳು, “ಆಯೀ, ಪುರೇ ನಾ”, ಅಮ್ಮಾ ಸಾಕು ಮಾಡು, ಎಂದು ಮರಾಠಿಯಲ್ಲಿ ಬೇಡಿಕೊಳ್ಳುತ್ತಿದ್ದಳು.

ಪ್ಲೇಟ್ ಹೇಳುವುದು ಕಾರು ಆರ್‌ಟಿಒದಲ್ಲಿ ಹೆಸರು ಬರೆಸಿದ ಕಾಲವನ್ನು. ಕಾರ್ಖಾನೆಯಿಂದ ಹೊರಬಿದ್ದ ಕಾಲವನ್ನಲ್ಲ. ಇದು ನನಗೆ ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಹೆಚ್ಚೆಂದರೆ ಒಂದೆರಡು ತಿಂಗಳ ಫರಕು ಎಂದುಕೊಂಡು ಬಿಟ್ಟಿದ್ದೆ.

ಜೂನ್ ಮೊದಲ ವಾರ, ಮಳೆ ಇನ್ನೂ ಬಂದಿರಲಿಲ್ಲ. ವಿಜಯಪುರದ ತಂಗಿಯ ಹತ್ತಿರ ಫೋನಿನಲ್ಲಿ ಜೋಳದ ಹಿಟ್ಟಿನ ವಿಷಯ ಮಾತಾಡುತ್ತಿದ್ದೆ. ಹೊರಗೆ ಹಳದಿ ಪ್ಲೇಟಿನ ಕಾರುಗಳನ್ನು ನೋಡುತ್ತಿದ್ದ ಗಂಡಹೆಂಡತಿ ನನ್ನ ಮಾತು ಕೇಳಿ ಒಳಗೇ ಬಂದರು.

“ಅಕ್ಕೋರ, ನೀವು ಕನ್ನಡದವ್ರೇನ್ರಿ?” ಎಂದು ಗಂಡ ಕೇಳಿದ. ಊರಿನಲ್ಲಿ ಶಾಲೆಯ ಟೀಚರನ್ನು ಕರೆಯುವ ಹಾಗೆ.

“ಹೌದಪಾ, ವಿಜಾಪುರದಕಿ. ನೀವು?”

“ಕಲಬುರಗಿ ಕಡಿಯವ್ರು. ಈಗ ವಿಠ್ಠಲವಾಡಿದಾಗ ಖೋಲಿ ಅದರಿ.”

ಅವನು ಡ್ರೈವರ್. ಒಂಬತ್ತು ವರ್ಷ ಬೇರೆಯವರ ಕಾರಿನಲ್ಲಿ ಐರೋಲಿಯ ಕಂಪನಿಗಳ ನೌಕರರನ್ನು ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಬಿಡುವ ಕೆಲಸ ಮಾಡಿದ್ದ. ಈಗ ಅಲ್ಲಿಯ ಕಾರು ಗುತ್ತಿಗೆದಾರ, ನಿನ್ನದೇ ಕಾರು ತಂದರೆ ಸೇರಿಸಿಕೊಳ್ಳುತ್ತೇನೆ ಎಂದಿದ್ದನಂತೆ. ಷರತ್ತು ಒಂದೇ. ಸೇರಿಸುವ ದಿನಕ್ಕೆ ಕಾರಿಗೆ ಐದು ವರ್ಷ ದಾಟಿರಬಾರದು. ಒಮ್ಮೆ ಸೇರಿದರೆ ಮೂರು ವರ್ಷ ಓಡಿಸಬಹುದು. ಇದನ್ನು ಅವನು ಕೂರುವ ಮೊದಲೇ ಹೇಳಿದ.

“ಹಂಗಾದ್ರ ಆ ಬಿಳಿ ಗಾಡಿ ನೋಡು. ಹತ್ತೊಂಬತ್ತರದು. ಇನ್ನ ನಾಕೂವರಿ ವರ್ಷನೂ ಆಗಿಲ್ಲ” ಎಂದೆ.

ಅವನು ಬಾನೆಟ್ ತೆಗೆದು, ಸ್ಟಾರ್ಟ್ ಮಾಡಿ, ಕಿವಿಗೊಟ್ಟು ಕೇಳಿ, ಕೆಳಗೆ ಬಗ್ಗಿ, ಒಬ್ಬ ಡ್ರೈವರ್ ನೋಡಬೇಕಾದ್ದನ್ನೆಲ್ಲ ನೋಡಿದ. ಹೆಂಡತಿ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು. ಸೀಟ್ ಬೆಲ್ಟನ್ನು ಎಳೆದಳು, ಎಳೆದಳು, ಇನ್ನು ಬಾರದು ಎನ್ನುವ ತನಕ ಎಳೆದು ಅದರ ಬುಡದಲ್ಲಿ ಹೊಲಿದಿದ್ದ ಬೆರಳಗಲದ ಬಿಳಿ ಚೀಟಿಯನ್ನು ಕಣ್ಣಿನ ಹತ್ತಿರ ತಂದುಕೊಂಡಳು.

“ಅಕ್ಕೋರ, ಇದರ ಮ್ಯಾಲ ಹದಿನೇಳು ಅಂತ ಅದಲ್ರಿ.”

“ಏ, ಸುಮ್ ಕೂಡು” ಎಂದ ಗಂಡ. “ಗಾಡಿ ನೋಡು ಅಂದ್ರ ಪಟ್ಟಿ ನೋಡ್ಲತ್ತಾಳ.”

“ಗಾಡೀದೇ ಪಟ್ಟಿ ಅಲ್ಲೇನು? ನಮ್ಮ ಕಂಪನ್ಯಾಗ ದಿನಾ ಸಾವಿರ ಡಬ್ಬಿ ಮ್ಯಾಲ ತಾರೀಖು ನೋಡ್ತೀನಿ. ಗುಳಿಗಿ ಮಾಡಿದ್ದು ಬ್ಯಾರೆ, ಡಬ್ಬಿ ಕಟ್ಟಿದ್ದು ಬ್ಯಾರೆ.” ಅವಳು ಅಂಬರನಾಥದ ಔಷಧಿ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸದವಳು. ನನ್ನ ಕಡೆ ತಿರುಗಿದಳು. “ಇದು ಯಾವ ತಾರೀಖು ಹೇಳ್ರಿ?”

“ಅದು ಬೆಲ್ಟ್ ಮಾಡಿದ ಕಂಪನೀದು ತಂಗಿ. ಬೆಲ್ಟ್ ಮೊದಲ ಮಾಡಿ ಇಟ್ಟಿರ್ತಾರ, ಗಾಡಿ ಆಮ್ಯಾಲ ಆಗತೈತಿ.”

“ವರ್ಷ ಮೊದಲಾ?”

“ಇರತೈತಿ” ಎಂದೆ. ಇರುತ್ತದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗಂಡನ ಮುಖದಲ್ಲಿ ಆಗಲೇ ಆ ಕಾರು ಅವನದಾಗಿಬಿಟ್ಟಿತ್ತು. ಒಂದು ಬೆಲ್ಟಿನ ಚೀಟಿಗಾಗಿ ಆ ಮುಖ ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಅವಳು ಬೆಲ್ಟು ಬಿಟ್ಟಳು. ಅದು ಸರ್ರನೆ ಒಳಗೆ ಹೋಯಿತು.

ಗುರುವಾರ ಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದು ಒಯ್ದರು. ಹಳೆಯ ಮಾಲೀಕರಿಂದ ಅವನ ಹೆಸರಿಗೆ ಮಾಡುವ ಅರ್ಜಿಯನ್ನು ನಾನು ಕಂಪ್ಯೂಟರಿನಲ್ಲಿ ತುಂಬಿಟ್ಟೆ. ಕಾಗದ ಕಲ್ಯಾಣದ ಆರ್‌ಟಿಒಗೆ ಒಪ್ಪಿಸುವುದು ಬಾಕಿ ಇತ್ತು.

ಸೋಮವಾರ ಹನ್ನೊಂದರ ಹೊತ್ತಿಗೆ ಅವನು ಒಬ್ಬನೇ ಬಂದ. ಕಾರನ್ನು ಯಾರ್ಡಿನ ಒಳಗೆ ತರದೆ ರಸ್ತೆಯ ಆಚೆ ನಿಲ್ಲಿಸಿದ್ದ. ಅದನ್ನು ನೋಡಿಯೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಕೂರು ಎಂದರೂ ಕೂರಲಿಲ್ಲ.

“ಗಾಡಿ ವಾಪಸ್ ಕಳಿಸ್ಯಾರ್ರಿ.”

ಬೆಳಿಗ್ಗೆ ಐರೋಲಿಯಲ್ಲಿ ಗುತ್ತಿಗೆದಾರನ ಸುಪರ್‌ವೈಜರ್ ಗೇಟಿನಲ್ಲೇ ಕಾರು ನೋಡಿದ್ದಾನೆ. ಟಯರ್, ಲೈಟು, ಗ್ಯಾಸಿನ ಟಾಕಿ, ಎಲ್ಲಾ ಸರಿ. ಆಮೇಲೆ ಆರ್‌ಸಿ ಕಾರ್ಡು ಕೇಳಿ ಪಡೆದು, ಕನ್ನಡಕ ಹಣೆಗೆ ಏರಿಸಿ ಓದಿ, “ಅರೇ ಭಾಯ್, ಯೇ ತೋ ಸತ್ರಾ ಕೀ ಗಾಡೀ ಹೈ” ಎಂದಿದ್ದಾನೆ. ಹದಿನೇಳರ ಗಾಡಿ. ಕಂಪನಿಯವರು ಲೆಕ್ಕ ಹಾಕುವುದು ತಯಾರಾದ ತಿಂಗಳಿನಿಂದ, ಹೆಸರು ಬರೆಸಿದ ದಿನದಿಂದಲ್ಲ. ಬರುವ ವಾರದ ಶನಿವಾರದ ತನಕ ಜಾಗ ಹಿಡಿದಿಡುತ್ತೇನೆ, ಆಮೇಲೆ ಪಟ್ಟಿಯಲ್ಲಿ ಮುಂದಿನವನಿಗೆ ಕೊಡುತ್ತೇನೆ ಎಂದು ಕಳಿಸಿದ್ದಾನೆ.

ನಾನು ಕಾರ್ಡು ಇಸಿದುಕೊಂಡೆ. ಅಂಗೈಯಷ್ಟು ಪ್ಲಾಸ್ಟಿಕ್ಕು. ಮೇಲ್ಗಡೆ ನೋಂದಣಿಯ ತಾರೀಖು, 2019ರ ಜನವರಿ. ಕೆಳಗೆ ಸಣ್ಣ ಅಕ್ಷರದಲ್ಲಿ ತಯಾರಾದ ತಿಂಗಳು, ಹನ್ನೊಂದು, 2017. ಫೈಲು ತೆಗೆದು ನಾನೇ ಮಾಡಿದ ಜೆರಾಕ್ಸ್ ನೋಡಿದೆ. ಆ ಸಾಲು ಇದ್ದ ಜಾಗದಲ್ಲಿ ಬೂದಿ ಬಣ್ಣದ ಒಂದು ಕಲೆ. ಅದು ಓದಲು ಬರುವುದಿಲ್ಲ ಎಂಬುದೂ ನನ್ನ ಗಮನಕ್ಕೆ ಬಂದಿರಲಿಲ್ಲ, ಯಾಕೆಂದರೆ ಅದನ್ನು ಓದಲು ಹೋಗಿರಲೇ ಇಲ್ಲ. ಬೆರಳು ಮಡಚಿ ಎಣಿಸಿದೆ. ನೋಂದಣಿಯಿಂದ ನಾಲ್ಕು ವರ್ಷ ಐದು ತಿಂಗಳು. ತಯಾರಿಕೆಯಿಂದ ಐದು ವರ್ಷ ಏಳು ತಿಂಗಳು.

“ಇನ್ನೊಂದು ಹೇಳ್ಯಾನ್ರಿ” ಎಂದು ಅವನು ದನಿ ತಗ್ಗಿಸಿದ. “ದೊಡ್ಡ ಆಫೀಸಿಗೆ ಹೋಗೋದು ಬರೇ ಜೆರಾಕ್ಸ್. ಅದರಾಗ ಆ ಸಾಲು ಕಾಣ್ಲಿಲ್ಲ ಅಂದ್ರ ನಾನೂ ನೋಡಿಲ್ಲ ಅಂತ ತಿಳಕೋ ಅಂದಾನ.”

ಶೇಠ್ ಆಗ ಬಂದರು. ಯಾರ್ಡಿನ ಮಾಲೀಕರಾದ ಅವರು ಉಡುಪಿ ಕಡೆಯವರು, ಮನೆಯಲ್ಲಿ ತುಳು, ಯಾರ್ಡಿನಲ್ಲಿ ಹಿಂದಿ, ನನ್ನ ಹತ್ತಿರ ಅವರ ಊರಿನ ಕನ್ನಡ. ಈ ಊರಿನಲ್ಲಿ ಅಂಗಡಿ ಇಟ್ಟವರೆಲ್ಲ ಶೇಠ್ ಆಗಿಬಿಡುವ ಹಾಗೆ ಅವರೂ ಆಗಿದ್ದರು. ಕೆಟ್ಟವರಲ್ಲ. ನನ್ನ ಮಗಳ ಫೀಸಿನ ತಿಂಗಳು ಕೇಳದೇ ಸಂಬಳ ಮುಂಚೆ ಕೊಡುತ್ತಿದ್ದವರು. ಕಾರ್ಡು ನೋಡಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಶೋರೂಮಲ್ಲಿ ಉಳಿದ ಗಾಡಿ ಇದು. ಹೊಸ ಮಾಡೆಲ್ ಬಂದಿರ್ತದೆ, ಹಳೇದು ಹೋಗಿರುದಿಲ್ಲ. ವರ್ಷ ಆದ್ಮೇಲೆ ಯಾರಿಗೋ ಕಮ್ಮಿಗೆ ದಾಟಿಸಿರ್ತಾರೆ. ನಾವು ಎಂತ ಮಾಡ್ಲಿಕ್ಕುಂಟು?”

“ನಾವು ಹತ್ತೊಂಬತ್ತು ಅಂತ ಬರದೇವಿ ಶೇಠ್.”

“ಪಾಸಿಂಗ್ ಹತ್ತೊಂಬತ್ತೇ ಅಲ್ವಾ? ಎಲ್ಲಾ ಯಾರ್ಡಲ್ಲೂ ಪಾಸಿಂಗೇ ಬರೆಯುದು ಮಾರಾಯ್ರೆ. ಸುಳ್ಳು ಬರ್ದಿದ್ದೇವಾ?” ನೋಂದಣಿಗೆ ಇಲ್ಲಿಯವರು ಹೇಳುವ ಮಾತು ಪಾಸಿಂಗ್. ಸುಪರ್‌ವೈಜರನ ಸೂಚನೆ ಕೇಳಿದ ಮೇಲಂತೂ ಅವರ ಮುಖ ಹಗುರಾಯಿತು. “ಹಾಗಾದ್ರೆ ಮುಗೀತಲ್ಲ. ಒಂದು ಜೆರಾಕ್ಸ್ ತೆಗ್ದು ಕೊಡಿ ಮೇಡಂ. ನಮ್ಮ ಮಶೀನಲ್ಲಿ ಹೇಗೂ ಕಾಣುದಿಲ್ಲ.”

ಕಾರ್ಡನ್ನು ಮಶೀನಿನ ಗಾಜಿನ ಮೇಲೆ ಇಟ್ಟೆ. ಮುಚ್ಚಳ ಮುಚ್ಚಿದೆ. ಡ್ರೈವರ್ ಬಾಗಿಲಿಗೆ ಒರಗಿ ನಿಂತಿದ್ದ. ಅವನಿಗೆ ಬೇಕಾದ್ದು, ಶೇಠ್‌ಗೆ ಬೇಕಾದ್ದು, ಗೇಟಿನವನಿಗೂ ಬೇಕಾದ್ದು ಒಂದು ಮಸುಕು ಕಾಗದ. ನಾನು ಏನೂ ಮಾಡಬೇಕಾಗಿರಲಿಲ್ಲ. ಅಳಿಸುವುದಿಲ್ಲ, ತಿದ್ದುವುದಿಲ್ಲ. ಸುಮ್ಮನೆ ಗುಂಡಿ ಒತ್ತಿದರೆ ಸಾಕು, ಉಳಿದದ್ದನ್ನು ಮಶೀನೇ ಮಾಡುತ್ತಿತ್ತು. ಹೀಗೆ ಸುಮ್ಮನೆ ಇದ್ದೇ ಅಲ್ಲವೇ ಇಲ್ಲಿಯ ತನಕ ಬಂದದ್ದು ಅನ್ನಿಸಿತು. ಕಪ್ಪು ಹೆಚ್ಚು ಮಾಡುವ ಗುಂಡಿ ಆ ಮಶೀನಿಗೂ ಇತ್ತು, ಶಾಯಿ ಬಹಳ ಹೋಗುತ್ತದೆಂದು ನಾವು ಮುಟ್ಟುತ್ತಿರಲಿಲ್ಲ. ಅದನ್ನು ಕೊನೆಯ ತನಕ ಒತ್ತಿದೆ. ಕಾಗದ ಬಿಸಿಬಿಸಿಯಾಗಿ ಹೊರಬಂತು. ಅಂಚೆಲ್ಲ ಕಪ್ಪು, ಆದರೆ ಪ್ರತಿ ಸಾಲೂ ಕಣ್ಣಿಗೆ ಹೊಡೆಯುವ ಹಾಗಿತ್ತು.

“ಇದ್ಯಾಕ್ರಿ ಅಕ್ಕೋರ, ಇದರಾಗ ಎಲ್ಲಾ ಕಾಣ್ಲತ್ತದ.”

“ಕಾಣಬೇಕಪಾ. ಇವತ್ತು ಈ ಸಾಹೇಬ ನೋಡಿಲ್ಲ ಅಂತಾನ. ನಾಳೆ ಇನ್ನೊಬ್ಬಾವ ಬಂದು ಕಾರ್ಡ್ ಕೇಳ್ತಾನ. ನಡುವ ಎಲ್ಲೆರ ಗಾಡಿ ತಾಗಿತು ಅಂದ್ರ ಕಾಗದ ಮುಚ್ಚಿಟ್ಟಾವ ಯಾರು ಅಂತ ಹುಡುಕ್ತಾರ. ಆಗ ನಿನ್ನ ಹೆಸರ ಬರತೈತಿ. ನಂದೂ ಬರಂಗಿಲ್ಲ, ಶೇಠ್‌ದೂ ಬರಂಗಿಲ್ಲ.”

ಅವನು ಕಾಗದ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ. “ನೀವು ಬರದದ್ದು ನೋಡೇ ತಗೊಂಡೀನ್ರಿ” ಎಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸಲೀಸಾಗುತ್ತಿತ್ತು.

“ಶನಿವಾರ ಇನ್ನೂ ದೂರ ಐತಿ. ಏನರ ಮಾಡ್ತೀನಿ” ಎಂದೆ. ಏನು ಎಂಬುದು ನನಗೇ ಗೊತ್ತಿರಲಿಲ್ಲ. ಅವನಿಗಿದ್ದ ಒಂದು ದಾರಿಯನ್ನೂ ಮುಚ್ಚಿ, ಬೇರೆ ಯಾವುದನ್ನೂ ತೋರಿಸದೆ ಕಳಿಸಿದ್ದೆ. ಶೇಠ್ ಆ ದಿನ ಮಧ್ಯಾಹ್ನದ ಚಹಾ ನನಗೆ ಹೇಳಲಿಲ್ಲ. ತಮಗೆ ಒಂದೇ ತರಿಸಿಕೊಂಡರು.

ಮಂಗಳವಾರ ಅರ್ಧ ಗಂಟೆ ಮೊದಲೇ ಹೋದೆ. ಹದಿನಾಲ್ಕು ಹೋಗಿ ಹದಿಮೂರಾಗಿದ್ದ ಕಾರುಗಳನ್ನು ಒಂದು ತುದಿಯಿಂದ ಹಿಡಿದೆ. ಮೊದಲು ಮೂಲ ಕಾರ್ಡಿನ ಸಣ್ಣ ಸಾಲು. ಆಮೇಲೆ ಡ್ರೈವರ್ ಕಡೆಯ ಬಾಗಿಲು ತೆಗೆದರೆ ಕಾಣುವ ತಗಡಿನ ಪಟ್ಟಿ. ಆಮೇಲೆ ನಾಲ್ಕೂ ಬೆಲ್ಟುಗಳು, ಕೊನೆಯ ತನಕ ಎಳೆದು. ಕಿಟಕಿ ಗಾಜುಗಳ ಮೂಲೆಯಲ್ಲಿ ಅಚ್ಚಾದ ಪುಟ್ಟ ಗುರುತು. ಒಂದು ಗಾಜಿನದು ಬೇರೆ ಇದ್ದರೆ ಅದು ಒಡೆದು ಹೊಸದು ಹಾಕಿಸಿದ್ದು, ಎಲ್ಲದರದೂ ಒಂದೇ ಆದರೆ ನಂಬಬಹುದು. ಟಯರಿನ ಮೇಲೂ ವಾರ ಮತ್ತು ವರ್ಷದ ನಾಲ್ಕು ಅಂಕಿ ಇರುತ್ತದೆ, ಆದರೆ ಟಯರು ಬದಲಾಗುತ್ತಲೇ ಇರುವುದರಿಂದ ಅದನ್ನು ಬಿಟ್ಟೆ. ಬೆಲ್ಟಿನ ಚೀಟಿಗಳು ನನಗೆ ಬೇಕಾದ್ದನ್ನು ಹೇಳಿದವು. ಯಾವ ಕಾರಿನಲ್ಲೂ ಬೆಲ್ಟು ಕಾರಿಗಿಂತ ಎರಡು ಮೂರು ತಿಂಗಳಿಗೂ ಹೆಚ್ಚು ಹಳೆಯದಿರಲಿಲ್ಲ. ವರ್ಷ ಮೊದಲು ಮಾಡಿಟ್ಟ ಬೆಲ್ಟು ಒಂದೂ ಇರಲಿಲ್ಲ.

ಎರಡು ದಿನ ಹಿಡಿಯಿತು. ನಡುವೆ ಗಿರಾಕಿಗಳು, ಫೋನು, ಊಟ. ಬುಧವಾರ ಮಧ್ಯಾಹ್ನಕ್ಕೆ ಪುಸ್ತಕದಲ್ಲಿ ಹನ್ನೆರಡು ಕಾರುಗಳಾಗಿದ್ದವು. ನಾಲ್ಕರ ಗಾಜಿನ ಮೇಲಿನ ವರ್ಷ, ಕಾರು ತಯಾರಾದ ವರ್ಷಕ್ಕಿಂತ ಒಂದು ಮುಂದಿತ್ತು. ಎಲ್ಲಾ ಜನವರಿ, ಫೆಬ್ರವರಿಯಲ್ಲಿ ನೋಂದಣಿ ಆದವು. ಡಿಸೆಂಬರಿನಲ್ಲಿ ಕೊಂಡವರೂ ಹೊಸ ವರ್ಷದ ಅಕ್ಷರ ಸಿಗಲಿ ಎಂದು ಕಾದು ಬರೆಸುತ್ತಾರೆ. ಗಾಡಿಗೆ ಒಂದು ವರ್ಷದ ಆಯುಷ್ಯ ಸುಮ್ಮನೆ ಸಿಕ್ಕಿತು ಎಂಬ ಸಂತೋಷ.

ಹದಿಮೂರನೆಯದು ಗೋಡೆಯ ಪಕ್ಕದ ಬೂದು ಬಣ್ಣದ ಕಾರು. ಪನವೇಲ್ ನಂಬರು, ಹಳದಿ ಪ್ಲೇಟು. ಮೂರು ತಿಂಗಳಿಂದ ನಿಂತೇ ಇತ್ತು. ಗಾಜಿನ ಮೇಲೆ ನಾನೇ ‘2018’ ಎಂದು ಬರೆದಿದ್ದರಿಂದ ಬಂದವರು ಅತ್ತ ಹೋಗದೆ ಹತ್ತೊಂಬತ್ತರ ಕಡೆಗೇ ಹೋಗುತ್ತಿದ್ದರು. ಕಾರ್ಡು ನೋಡಿದೆ. ನೋಂದಣಿ 2018ರ ಡಿಸೆಂಬರ್ ಕೊನೆ. ತಯಾರಿಕೆ ಅದೇ ವರ್ಷದ ನವೆಂಬರ್. ಬೆಲ್ಟು ಎಳೆದೆ, ಅಕ್ಟೋಬರ್. ಎಲ್ಲ ಗಾಜೂ ಒಂದೇ.

ಕಾರಿನ ನೆರಳಿನಲ್ಲೇ ಕೂತು ಇನ್ನೊಮ್ಮೆ ಎಣಿಸಿದೆ. ನಾಲ್ಕು ವರ್ಷ ಏಳು ತಿಂಗಳು. ನಮ್ಮ ಯಾರ್ಡಿನ ಲೆಕ್ಕದಲ್ಲಿ ಬಿಳಿ ಕಾರಿಗಿಂತ ಒಂದು ವರ್ಷ ಹಳೆಯದಾದ ಈ ಕಾರು, ನಿಜದಲ್ಲಿ ಅದಕ್ಕಿಂತ ಒಂದು ವರ್ಷ ಚಿಕ್ಕದು.

ಶೇಠ್ ಬರುವಷ್ಟರಲ್ಲಿ ನಾನು ಒದ್ದೆ ಬಟ್ಟೆಯಿಂದ ನಾಲ್ಕು ಗಾಜುಗಳನ್ನು ಒರೆಸಿ, ಎರಡೆರಡು ಸಾಲು ಬರೆಯುತ್ತಿದ್ದೆ. ಮೇಲೆ ತಯಾರಾದ ತಿಂಗಳು, ಕೆಳಗೆ ಪಾಸಿಂಗ್ ಆದ ತಿಂಗಳು.

“ಇದೆಂತ ಮೇಡಂ? ಗಾಡಿಗೆ ಎರಡೆರಡು ಜಾತಕವಾ?”

“ಇರೋದೇ ಎರಡು ಶೇಠ್.”

“ಪಕ್ಕದ ಯಾರ್ಡಿನವ ಬರೆಯುದಿಲ್ಲ. ಜನ ಅಲ್ಲಿಗೆ ಹೋಗ್ತಾರೆ.”

“ಹೋಗಲಿ. ಅಲ್ಲಿಂದ ಗೇಟಿಗೆ ಹೋಗಿ ವಾಪಸ್ ಬರ್ತಾರ. ನಮ್ಮಲ್ಲಿ ಒಬ್ಬಾವ ಬಂದು ನಿಂತಿದ್ದು ನೋಡಿದ್ರಲ್ಲ.” ಬ್ರಶ್ಶು ಗ್ಲಾಸಿನಲ್ಲಿಟ್ಟೆ. “ಅಂವಗ ಆ ಬೂದು ಗಾಡಿ ಕೊಡ್ರಿ, ಬಿಳೇದು ತಿರುಗಿ ತಗೋರಿ. ಅರ್ಜಿ ಇನ್ನೂ ನನ್ನ ಹತ್ರನೇ ಐತಿ. ಐದು ವರ್ಷದ ಷರತ್ತಿಲ್ಲದವರು ಯಾರರ ಬಂದ್ರ ತಾರೀಖು ಹೇಳೇ ಬಿಳೇದು ಮಾರೋಣು.”

“ಇಪ್ಪತ್ತೆರಡು ವರ್ಷದಲ್ಲಿ ನಾನು ಕೊಟ್ಟ ಗಾಡಿ ವಾಪಸ್ ತಗೊಂಡದ್ದಿಲ್ಲ.”

“ನಾನೂ ಮೂರು ವರ್ಷದಾಗ ಇಂಥಾದ್ದೇನೂ ನಿಮ್ಮನ್ನ ಕೇಳಿಲ್ಲ.”

ಅವರು ಗೋಡೆಯ ಕಡೆ ನಡೆದರು. ಬೂದು ಕಾರಿನ ಬಾಗಿಲು ತೆಗೆದು, ಹಿಂದಿನ ಸೀಟಿನಲ್ಲಿ ಕಷ್ಟಪಟ್ಟು ಕೂತು, ಹೊಟ್ಟೆಯ ಮೇಲಿನಿಂದ ಬೆಲ್ಟು ಎಳೆದುಕೊಂಡು ಚೀಟಿ ಓದಿದರು. ಹೊರಗೆ ಬಂದು, “ಫೋನ್ ಮಾಡಿ ಅವನಿಗೆ. ಚಹಾ ಹೇಳ್ಲಾ ನಿಮ್ಗೆ?” ಎಂದರು.

ಗುರುವಾರ ಇಬ್ಬರೂ ಬಂದರು. ಹೆಂಡತಿ ಒಂದು ಪಾಳಿ ಬಿಟ್ಟು ಬಂದಿದ್ದಳು. ಈ ಸಲ ಗಂಡ ಅವಳನ್ನು ಸುಮ್ಮನಿರಿಸಲಿಲ್ಲ, ಮೊದಲು ಅವಳೇ ಹತ್ತಲಿ ಎಂದು ಬಾಗಿಲು ಹಿಡಿದು ನಿಂತ. ಅವಳು ಎಲ್ಲ ನೋಡಿ ಕೆಳಗಿಳಿದು ಶೇಠ್‌ರನ್ನು ಕೇಳಿದಳು.

“ನಿಮ್ಮ ಗಾಜಿನ ಮ್ಯಾಲಿನ ವರ್ಷದ ಪ್ರಕಾರ ಇದು ಅಗ್ಗದ ಗಾಡಿ ಅಲ್ಲೇನ್ರಿ?”

ಶೇಠ್ ನನ್ನ ಮುಖ ನೋಡಿದರು. ನಾನು ಫೈಲು ನೋಡಿದೆ. “ಇವರು ಕಂಪನಿಯಲ್ಲಿ ಗುಳಿಗೆ ಕಟ್ಟುದಾ, ಅಂಗಡಿಯವರನ್ನು ಕಟ್ಟಿ ಹಾಕುದಾ?” ಎಂದು ಗೊಣಗುತ್ತಲೇ ಎರಡು ಕಾರಿನ ಬೆಲೆಯ ನಡುವಿನ ಫರಕನ್ನು ಅವರಿಗೆ ತಿರುಗಿಸಿ ಕೊಡಲು ಒಪ್ಪಿದರು.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಬೂದು ಕಾರಿನ ಕಾರ್ಡಿನಲ್ಲಿ ಇನ್ನೊಂದು ಸಾಲಿತ್ತು. ಹಳೆಯ ಮಾಲೀಕರ ಸಾಲದ ಬ್ಯಾಂಕಿನ ಹೆಸರು ಇನ್ನೂ ಅಳಿಸಿರಲಿಲ್ಲ. ಸಾಲ ತೀರಿದ ಪತ್ರ ಫೈಲಿನಲ್ಲಿತ್ತು, ಆದರೆ ಅದರ ಅವಧಿ ಮೂರು ತಿಂಗಳು, ಅದು ಆ ವಾರವೇ ಮುಗಿದಿತ್ತು. ಕಾರು ಗೋಡೆಯ ಪಕ್ಕ ನಿಂತಿದ್ದಾಗ ಪತ್ರವೂ ಫೈಲಿನಲ್ಲಿ ಹಳತಾಗಿತ್ತು. ಹೊಸ ಪತ್ರಕ್ಕೆ ಮಾಲೀಕರೇ ಬ್ಯಾಂಕಿಗೆ ಹೋಗಿ ಸಹಿ ಹಾಕಬೇಕು.

ಅವರ ಮನೆ ಕಾಮೋಠೆಯಲ್ಲಿ. ಸೋಮವಾರ ಬೆಳಿಗ್ಗೆ ಬಸ್ಸು, ರಿಕ್ಷಾ ಹಿಡಿದು ಹೋದೆ. ನಿವೃತ್ತರು, ಮರಾಠಿಯವರು. ಕಾರನ್ನು ಬಾಡಿಗೆಗೆ ಬಿಟ್ಟಿದ್ದವರು. ಮೊದಲು ಬಾಗಿಲಲ್ಲೇ ಬೇಸರ ಮಾಡಿಕೊಂಡರು. ಡಿಸೆಂಬರ್ ಇಪ್ಪತ್ತೆಂಟಕ್ಕೆ ನೋಂದಣಿ ಮಾಡಿಸಿ ದೊಡ್ಡ ತಪ್ಪು ಮಾಡಿದೆ, ನಾಲ್ಕು ದಿನ ಕಾದಿದ್ದರೆ ಹತ್ತೊಂಬತ್ತಾಗುತ್ತಿತ್ತು, ಆ ನಾಲ್ಕು ದಿನಕ್ಕಾಗಿ ಮಾರುವಾಗ ಎಲ್ಲರೂ ನನ್ನನ್ನು ಅದುಮಿದರು ಎಂದು ಹೆಂಡತಿಯ ಎದುರೇ ಹೇಳಿಕೊಂಡರು. ಆ ಹೆಂಡತಿಗೆ ಈ ಕಥೆ ಸಾಕಾಗಿತ್ತು ಎಂದು ಕಾಣುತ್ತದೆ, ನನಗೆ ಪೋಹೆಯ ತಟ್ಟೆ ಕೊಟ್ಟು ಒಳಗೆ ಹೋದರು. ಆ ನಾಲ್ಕು ದಿನ ನೀವು ಕಾದಿದ್ದರೂ ಕಾರು ತಯಾರಾದ ತಿಂಗಳು ಬದಲಾಗುತ್ತಿರಲಿಲ್ಲ, ಈಗ ಆ ತಿಂಗಳು ನೋಡಿಯೇ ಒಬ್ಬರು ಅದನ್ನು ಹುಡುಕಿಕೊಂಡು ಬಂದಿದ್ದಾರೆ ಎಂದೆ. ಅವರು ಎದ್ದು ಅಂಗಿ ಹಾಕಿಕೊಂಡರು. ಪನವೇಲಿನ ಬ್ಯಾಂಕಿನ ಶಾಖೆಯಲ್ಲಿ ಸಾಹೇಬರು ಇರಲಿಲ್ಲ, ನಾಳೆ ಬನ್ನಿ ಎಂದರು. ಮರುದಿನ ಸರ್ವರ್ ಇಲ್ಲ. ಬುಧವಾರ ಪತ್ರ ಸಿಕ್ಕಿತು. ಮೂರು ದಿನವೂ ಅವರು ಬಂದರು, ಮೂರನೆಯ ದಿನ ನನ್ನ ಹಾಗೇ ಅವರೂ ಒಂದು ಛತ್ರಿ ಹಿಡಿದಿದ್ದರು. ಮಳೆ ಶುರುವಾಗಿತ್ತು.

ಗುರುವಾರ, ಶುಕ್ರವಾರ ಪನವೇಲ್ ಆರ್‌ಟಿಒದ ಸಾಲು. ಬ್ಯಾಂಕಿನ ಹೆಸರು ತೆಗೆಯುವುದಕ್ಕೆ ಒಂದು ಅರ್ಜಿ, ಹೆಸರು ಬದಲಿಸುವುದಕ್ಕೆ ಎರಡು, ಪರ್ಮಿಟ್ಟಿಗೆ ಮತ್ತೊಂದು. ಶುಕ್ರವಾರ ನಾಲ್ಕಕ್ಕೆ ಕಿಟಕಿ ಮುಚ್ಚುವ ಸ್ವಲ್ಪ ಮೊದಲು ರಸೀದಿಗಳು ಕೈಗೆ ಬಂದವು. ರಸೀದಿ ಇದ್ದರೆ ಕಾರು ಸೇರಿಸುತ್ತೇವೆ, ಹೊಸ ಕಾರ್ಡಿಗೆ ಒಂದು ತಿಂಗಳು ಸಮಯ ಎಂದು ಸುಪರ್‌ವೈಜರ್ ಹೇಳಿದ್ದ.

ಶನಿವಾರ ಗಂಡಹೆಂಡತಿ ನನ್ನನ್ನೂ ಬರಲು ಹೇಳಿದರು. ಡೊಂಬಿವಲಿಯಿಂದ ಬೂದು ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ ನಾವಿಬ್ಬರು ಹೆಂಗಸರು. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ನನ್ನ ತೊಡೆಯ ಮೇಲೆ ಫೈಲು.

ಗೇಟಿನಲ್ಲಿ ಸುಪರ್‌ವೈಜರ್ ಮಳೆಯಲ್ಲೇ ಸುತ್ತು ಹಾಕಿದ. ಕಾರ್ಡು ತೆಗೆದುಕೊಂಡ. ಕನ್ನಡಕ ಹಣೆಗೆ ಏರಿತು. ಹೆಬ್ಬೆರಳು ಕೆಳಗಿನ ಸಾಲಿನ ಮೇಲೆ ನಿಂತಿತು, ಬೆರಳುಗಳು ಮಡಚಿದವು, ಬಿಚ್ಚಿದವು. ರಸೀದಿ ಎಣಿಸಿದ. ಈ ಕಾರ್ಡಿಗೂ ನಾನು ತೆಗೆದಿದ್ದ ಕಪ್ಪು ಜೆರಾಕ್ಸನ್ನು ಎತ್ತಿ ಹಿಡಿದು, “ಇಷ್ಟು ಕಪ್ಪು ಯಾರು ತೆಗೆದದ್ದು?” ಎಂದು ಹಿಂದಿಯಲ್ಲಿ ಕೇಳಿದ. ಡ್ರೈವರ್ ಕಣ್ಣಿನಲ್ಲೇ ನನ್ನನ್ನು ತೋರಿಸಿದ. ಅವನು ನಕ್ಕು ಕಾಗದವನ್ನು ಫೈಲಿಗೆ ಸೇರಿಸಿ, ಮುಂದಿನ ಗಾಜಿನ ಒಳಗೆ ಒಂದು ನಂಬರಿನ ಸ್ಟಿಕ್ಕರ್ ಅಂಟಿಸಿದ. ಹನ್ನೆರಡೂವರೆಗೆ ಘಣಸೋಲಿಯಿಂದ ನಾಲ್ವರನ್ನು ತರಬೇಕು, ಈಗಲೇ ಹೊರಡು ಎಂದ. ಬೇರೊಬ್ಬ ಡ್ರೈವರ್ ಬಂದಿರಲಿಲ್ಲವಂತೆ.

ಡ್ರೈವರ್ ಒಂದು ಕ್ಷಣ ನಮ್ಮಿಬ್ಬರನ್ನೂ ನೋಡಿದ.

“ಹೋಗು, ಹೋಗು” ಎಂದಳು ಹೆಂಡತಿ. “ನಮಗ ಟ್ರೇನ್ ಅದ.”

ಛತ್ರಿ ಒಂದೇ ಇತ್ತು, ನನ್ನದು. ಅದರ ಕೆಳಗೆ ಐರೋಲಿ ಸ್ಟೇಷನ್ನಿಗೆ ನಡೆದೆವು. ಠಾಣೆಯ ಗಾಡಿಯಲ್ಲಿ ಲೇಡೀಸ್ ಡಬ್ಬಿ ಅರ್ಧ ಖಾಲಿ ಇತ್ತು, ಇಬ್ಬರಿಗೂ ಎದುರುಬದುರು ಕಿಟಕಿ ಸಿಕ್ಕಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ಆಗ ಹೊಳೆಯಿತು. ಆ ಹನ್ನೆರಡು ದಿನಗಳಲ್ಲಿ ಅವಳ ಗಂಡನ ಹತ್ತಿರ ನಾನು ಎಷ್ಟು ಸಲ ತಪ್ಪಾಯಿತು ಎಂದಿದ್ದೆನೋ ಲೆಕ್ಕವಿಲ್ಲ. ಶೇಠ್ ಹತ್ತಿರ ಜಗಳವಾಡಿದ್ದೆ, ಕಾಮೋಠೆಯವರ ಕೈಕಾಲು ಹಿಡಿದಿದ್ದೆ. ಮೊದಲ ದಿನವೇ ಸರಿಯಾದ ಪ್ರಶ್ನೆ ಕೇಳಿದವಳಿಗೆ, ಗೊತ್ತಿಲ್ಲದ ಉತ್ತರವನ್ನು ಗೊತ್ತಿರುವವಳ ಹಾಗೆ ಹೇಳಿ ಬಾಯಿ ಮುಚ್ಚಿಸಿದ್ದೆನಲ್ಲ, ಅವಳಿಗೆ ಮಾತ್ರ ಏನೂ ಹೇಳಿರಲಿಲ್ಲ.

“ತಂಗಿ, ಅವತ್ತು ನೀ ಕೇಳಿದಾಗ ನನಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಬೇಕಿತ್ತು.”

ಅವಳು ಕಿಟಕಿಯಿಂದ ಮುಖ ತೆಗೆದು ನನ್ನನ್ನು ನೋಡಿದಳು.

“ನನಗ ಗೊತ್ತಾಗಿತ್ರಿ, ನಿಮಗ ಗೊತ್ತಿಲ್ಲ ಅಂತ” ಎಂದಳು. “ಅಂವಾ ಅಷ್ಟು ಖುಷಿ ಆಗಿದ್ದ. ನಾನೂ ಸುಮ್ಮನಾದೆ.”

ಠಾಣೆ ಹತ್ತಿರ ಬಂದು ಗಾಡಿ ನಿಧಾನವಾದಾಗ ಅವಳು ಎದ್ದು ನನ್ನ ಒದ್ದೆ ಛತ್ರಿಯನ್ನೂ ಫೈಲನ್ನೂ ತಾನೇ ಎತ್ತಿಕೊಂಡಳು. “ಸೇತುವಿ ಮ್ಯಾಲ ಜಾರ್ತದ, ನನ್ನ ಕೈ ಹಿಡ್ಕೋರಿ. ಅಂಬರನಾಥ ಲೋಕಲ್ ಸಿಕ್ರ ಡೊಂಬಿವಲಿ ತನಕ ಇಬ್ರೂ ಕೂಡೇ ಹೋಗೋಣು.”